ನೂರಿಪ್ಪತ್ತೆರಡು

ನರ್ಸಿಂಗ್ ಕಾಲೇಜಿನಲ್ಲಿ ಅಂದು ನಾಡಿ ನೋಡುವ ಪ್ರಾಕ್ಟಿಕಲ್. ಸ್ಟೆಲ್ಲಾ ಮೇಡಂ ಇಬ್ಬಿಬ್ಬರನ್ನು ಜೋಡಿ ಮಾಡುತ್ತ ಬಂದರು. ನನ್ನ ಪಾಲಿಗೆ ಯಾರು ಬರಬಾರದೆಂದು ದೇವರಲ್ಲಿ ಬೇಡಿಕೊಂಡಿದ್ದೆನೋ ಅವನೇ ಬಂದ, ಮಾದೇಶ. ಬೇಡಿಕೊಂಡದ್ದೂ ಬಾಯಿಮಾತಿಗಷ್ಟೇ.

ಅವನು ನನ್ನ ಮಣಿಕಟ್ಟು ಹಿಡಿದು, ವಾಚು ನೋಡುತ್ತ ಎಣಿಸಿದ.

"ಎಪ್ಪತ್ತು ಎಂಬತ್ತು ಇರ್ಬೇಕಲ್ವಾ? ನಿಂದು ನೂರಿಪ್ಪತ್ತೆರಡು."

"ಮೆಟ್ಟಿಲು ಹತ್ಕೊಂಡು ಬಂದೆ, ಅದಕ್ಕೆ," ಅಂದೆ.

"ಕ್ಲಾಸಿರೋದು ಕೆಳಗಡೆ ಅಲ್ವೇನೇ," ಎಂದಳು ಪಕ್ಕದ ಜೋಡಿಯ ಗೆಳತಿ.

ಸುತ್ತಲೂ ಕಿಸಿಕಿಸಿ ನಗು. ನನ್ನ ಕಿವಿ ಬಿಸಿಯಾಯಿತು. ಅಡ್ಮಿಷನ್ ದಿನದಿಂದ ಮುಚ್ಚಿಟ್ಟಿದ್ದ ಗುಟ್ಟನ್ನು ಈ ಹಾಳು ಕೈ ಒಂದೇ ನಿಮಿಷದಲ್ಲಿ ಬಿಟ್ಟುಕೊಟ್ಟಿತ್ತು.

"ತಪ್ಪು ಎಣಿಸಿರ್ತೀಯ. ಇನ್ನೊಂದ್ಸಲ ನೋಡು."

ಅವನು ನನ್ನ ಮುಖವನ್ನೊಮ್ಮೆ ನೋಡಿ, ಮತ್ತೆ ಎಣಿಸಿದ.

"ಈಗ ಇನ್ನೂ ಜಾಸ್ತಿಯಾಗಿದೆ."

ನಗು ಕೇಳಿ ಮೇಡಂ ಬಂದರು. ನನ್ನ ಕಡೆ ತಿರುಗಲೂ ಇಲ್ಲ, ಅವನ ಕೈಯನ್ನೇ ದಿಟ್ಟಿಸಿದರು.

"ಮೂರು ಬೆರಳಿಟ್ಟು ನೋಡು ಅಂದ್ರೆ ಹೆಬ್ಬೆಟ್ಟು ಒತ್ಕೊಂಡು ಕೂತಿದ್ದೀಯಲ್ಲೋ. ಹೆಬ್ಬೆಟ್ಟಿಟ್ಟು ಎಣಿಸಿದ್ರೆ ಸಿಗೋದು ಅವಳ ನಾಡಿ ಅಲ್ಲ ಕಣಪ್ಪ, ನಿಂದೇ."