ಕುಣಿಮಗ್ಗದ ಮದ್ದು

"ಇಳಿ," ಎಂದ ದೋಲ್ಕೆ ಹೆಂಡತಿಗೆ, ಮಗ್ಗದಡಿ ತೋಡಿದ ಕುಣಿಯ ಕಡೆ ಕೈ ತೋರಿಸಿ.

ಅಲ್ತಾಯೆ ನೂಲಿನ ಬುಟ್ಟಿಯನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದಳು. ದೋರ್ಜೆ ಬೆಟ್ಟದಲ್ಲಿ ನೂಲುವವರು ಹೆಂಗಸರು, ನೇಯುವವರು ಗಂಡಸರು. ಅವಳ ಅಜ್ಜಿಯ ಅಜ್ಜಿಯೂ ಕುಣಿಯೊಳಗೆ ಕಾಲು ಬಿಟ್ಟವಳಲ್ಲ.

"ತಲೆ ಕೆಟ್ಟಿದೆಯಾ ನಿಂಗೆ? ಹೆಂಗ್ಸು ಕೂತ್ರೆ ಮಗ್ಗ ಮುನಿಯುತ್ತೆ."

"ಮುನೀಲಿ ಬಿಡು. ಇಪ್ಪತ್ತಾರು ವರ್ಷ ನಿನ್ನ ಮುನಿಸು ತಿಂದು ಬದುಕಿದೀನಿ, ಮಗ್ಗದ್ದೇನು ಮಹಾ."

ಕೆಂಪು ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದೂ ನಡೆದೂ ಅಲ್ತಾಯೆಯ ಪಾದಗಳು ಊದಿ, ಚರ್ಮ ಮರದ ತೊಗಟೆಯಂತೆ ಬಿರುಕು ಬಿಟ್ಟು ಹನ್ನೊಂದು ವರ್ಷವಾಗಿತ್ತು. ತೊಳೆಯಬೇಕು, ಎಣ್ಣೆ ಹಚ್ಚಬೇಕು, ಪಟ್ಟಿ ಸುತ್ತಬೇಕು ಎಂದಿದ್ದಳು ಆಸ್ಪತ್ರೆಯ ನರ್ಸ್. ಎಲ್ಲಕ್ಕಿಂತ ಮುಖ್ಯ, ಕೂತು ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ಬೆಳಿಗ್ಗೆ ನೂರು, ಸಂಜೆ ನೂರು. ಊತ ಇಳಿದರೆ ಶೂ ಹಿಡಿಸುತ್ತದೆ. ಶೂ ಇಲ್ಲದೆ ಮಾತ್ರ ಆ ಮಣ್ಣು ತುಳಿಯಬೇಡ ಎಂದಿದ್ದಳು. ಅಲ್ತಾಯೆಯ ಮಗಳಿಗೆ ಬರುವ ತಿಂಗಳು ಹೆರಿಗೆ. ಬಾಣಂತಿಯ ಬಾಯಿಗೆ ಮೊದಲ ತುತ್ತು ಬೆಣ್ಣೆಗಂಜಿ ಇಡಬೇಕಾದವಳು ತಾಯಿ. ಮಗಳ ಮನೆ ಎರಡು ಬೆಟ್ಟದಾಚೆ.

ಮೊದಲ ದಿನ ಹೊಸ್ತಿಲಲ್ಲಿ ಕೂತು ಪಾದ ಆಡಿಸಿದ್ದಳು. ಬೇಲಿಯಾಚೆಯ ಹೆಂಗಸರು, "ನೋಡ್ರೇ, ಅಲ್ತಾಯೆ ಕೂತಲ್ಲೇ ಕುಣೀತಾಳೆ," ಎಂದು ನಕ್ಕಿದ್ದರು. ಅವತ್ತಿಗೇ ನಿಂತಿತು.

ಕೊನೆಗೆ ಅಲ್ತಾಯೆ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ತುಳಿಯುವ ಹಗ್ಗದ ಕುಣಿಕೆಗಳು ಅಗಲವಾಗಿದ್ದವು, ಮೆತ್ತನೆ ಹತ್ತಿ ಸುತ್ತಿತ್ತು. ಇದನ್ನೆಲ್ಲ ಅವನು ಯಾವಾಗ ಮಾಡಿದನೋ. ದೋಲ್ಕೆ ಪಕ್ಕದಲ್ಲೇ ಒತ್ತಿಕೊಂಡು ಕೂತು, "ನೀನು ತುಳಿ, ಲಾಳಿ ನಂಗಿರ್ಲಿ," ಎಂದ.

ಎಡ, ಬಲ. ನೋವು ಹಿಮ್ಮಡಿಯಿಂದ ಮೊಣಕಾಲಿಗೆ ಹತ್ತಿತು. ಮೂವತ್ತು ಎಣಿಸುವಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಭಾವ ವಾಜೊ, ದೋಲ್ಕೆಗೆ ನೇಯ್ಗೆ ಕಲಿಸಿದ ಅಣ್ಣ. ಅವಳ ಕಾಲು ಊದಿದಂದಿನಿಂದ, ಹನ್ನೊಂದು ವರ್ಷ, ಅಂಗಳದಲ್ಲೇ ನಿಂತು ಮಾತಾಡಿ ಹೋಗುವವನು; ಈ ಮನೆಯ ಕಾಫಿಯನ್ನು ಅವನು ಮುಟ್ಟಿದ್ದಿಲ್ಲ.

ಅಲ್ತಾಯೆಯ ಕೈ ರೂಢಿಯಂತೆ ಲಂಗ ಎಳೆದು ಪಾದ ಮುಚ್ಚಲು ಹೋಯಿತು. ಮುಚ್ಚಲು ಅಲ್ಲೇನೂ ಇರಲಿಲ್ಲ. ಪಾದಗಳು ಕುಣಿಯ ಕತ್ತಲಲ್ಲಿದ್ದವು.

"ಇದೇನೋ ಇದು, ಹೆಂಗ್ಸು ಮಗ್ಗದಲ್ಲಿ?"

"ನೇಯೋನು ನಾನೇ ಅಣ್ಣ. ಅವಳು ಮದ್ದು ತಗೋತಿದಾಳೆ ಅಷ್ಟೆ."

ವಾಜೊ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಬಟ್ಟೆಯ ಮೇಲೆ ಬಿತ್ತು. ಅಂಚು ಹಾವು ಹರಿದಂತೆ ಸೊಟ್ಟಸೊಟ್ಟಗಿತ್ತು. ಅವನ ಮುಖ ಹುಳಿ ತಿಂದ ಹಾಗಾಯಿತು.

"ಥೂ. ನಮ್ಮಪ್ಪ ನೋಡಿದ್ರೆ ಇನ್ನೊಂದ್ಸಲ ಸಾಯ್ತಿದ್ದ. ಎಡಕ್ಕೆ ಬಲ ತುಳೀತಿದಾಳೆ, ಬಲಕ್ಕೆ ಯಾವುದೂ ತುಳೀತಿಲ್ಲ. ಹೀಗೆ ಸುಮ್ನೆ ನೋಡ್ಕೊಂಡು ಕೂತಿದೀಯಲ್ಲೋ ನೀನು?"

ಎಂದವನೇ ಹೊಸ್ತಿಲು ದಾಟಿ ಬಂದ. ತಮ್ಮನನ್ನು ಮೊಣಕೈಯಿಂದ ಸರಿಸಿ ಕುಣಿಯ ಅಂಚಿಗೆ ಕುಕ್ಕರಿಸಿದ, ಅಲ್ತಾಯೆಯ ಮಗ್ಗುಲಲ್ಲೇ. ತನ್ನ ತೊಡೆ ತಟ್ಟಿ ತಾಳ ಹಾಕತೊಡಗಿದ. "ಎಡ... ಬಲ... ಎಡ..."

ನೂರು ಯಾವಾಗ ದಾಟಿತೋ ಅವಳಿಗೆ ತಿಳಿಯಲಿಲ್ಲ. ಹಣೆಯ ಬೆವರು ಕಣ್ಣಿಗಿಳಿಯಿತು.

"ಸ್ವಲ್ಪ ನಿಧಾನ ಭಾವ," ಎಂದಳು ಮೆಲ್ಲಗೆ. "ನನ್ನ ಕಾಲು ದಪ್ಪ."

ವಾಜೊ ಬಟ್ಟೆಯಿಂದ ಕಣ್ಣೆತ್ತಲಿಲ್ಲ.

"ದಪ್ಪ ಇದ್ರೆ ಇರ್ಲಿ," ಎಂದ. "ತಾಳ ತಪ್ಪಬಾರದು."