ಗೀಜಗವನ್ನು ಕೇಳಿದವರು

"ಯಾರರೇ ಕೇಳಿದ್ರೇನು, ಹಕ್ಕಿ ಎಲ್ಲಿ ಹೋತಂತ?"

ಭುವನೇಶ್ವರಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಂತೆ ಶಾಬುದ್ದೀನ ಕಾಕಾ ಹಾಸಿಗೆಯಿಂದಲೇ ಕೇಳಿದರು. ಹುಬ್ಬಳ್ಳಿಯ ಎಷ್ಟೋ ಅಂಗಡಿಗಳ ಬೋರ್ಡು ಬರೆದ ಅವರ ಬಲಗೈ ಲಕ್ವಾ ಹೊಡೆದು ತೊಡೆಯ ಮೇಲೆ ಬಿದ್ದಿತ್ತು. ಅವಳಿಗೆ ಬ್ರಷ್ ಹಿಡಿಯಲು ಕಲಿಸಿದ್ದೂ ಅದೇ ಕೈ.

ಅವಳು ಕೆಲಸ ಮಾಡುವ ಸಣ್ಣ ಕಂಪನಿ ಇಂಟರ್ನೆಟ್ ನೋಡಲು 'ಗೀಜಗ' ಎಂಬ ಕನ್ನಡದ ಬ್ರೌಸರ್ ಮಾಡಿದಾಗ, ಅದರ ಗುರುತಿಗೆಂದು ಗೂಡು ನೇಯುವ ಹಕ್ಕಿಯನ್ನು ಬರೆದುಕೊಟ್ಟವರು ಕಾಕಾ. ಕೈ ಹೋಗುವ ಮೊದಲು ಅವರು ಬರೆದ ಕೊನೆಯ ಚಿತ್ರ ಅದು. ಈಗ ಮಾಲೀಕರಿಗೆ ಎಲ್ಲವೂ ಹೊಸದು ಬೇಕಾಯಿತು. ಹಕ್ಕಿಯನ್ನು ತೆಗೆದು ಹಸಿರು ಉಂಗುರ ಬರೆಯುವ ಕೆಲಸ ಭುವನೇಶ್ವರಿಯ ಪಾಲಿಗೇ ಬಂತು. ಕಾಕಾನ ಒಪ್ಪಿಗೆ ಕೇಳಿಯೇ ಬರೆದಿದ್ದಳು. "ಬರಿ ಬರಿ, ನೀ ಬರದ್ರ ನಾ ಬರದಂಗನ" ಎಂದಿದ್ದರು.

ಹೊಸ ಗುರುತು ಹೊರಬಿದ್ದ ಮೇಲೆ ಬ್ರೌಸರ್ ಬಳಸುವವರಿಂದ ಮೇಲ್‌ಗಳು ಬಂದೇ ಬಂದವು. ಭಾಳ ಛಲೋ ಆಗೇತಿ, ಮೊದಲೇ ಬದಲಿಸಬೇಕಿತ್ತು ಎಂದೆಲ್ಲ. ಆಫೀಸಿನಲ್ಲಿ ಪೇಢೆ ಹಂಚಿದರು. ಭುವನೇಶ್ವರಿ ಒಂದೊಂದನ್ನೂ ತೆರೆದು ಓದಿದಳು. ಹಕ್ಕಿಯ ಹೆಸರೆತ್ತಿದವರು ಒಬ್ಬರೂ ಇರಲಿಲ್ಲ. ಬೈದವರು ಕೂಡ ಬ್ರೌಸರ್ ನಿಧಾನವೆಂದು ಬೈದಿದ್ದರೇ ಹೊರತು ಹಕ್ಕಿಗಾಗಿ ಅಲ್ಲ.

"ಯಾರೂ ಕೇಳಲಿಲ್ಲೇನವಾ?" ಕಾಕಾನ ದನಿ ಸಣ್ಣದಾಯಿತು.

"ಕೇಳದ ಬಿಡ್ತಾರೇನ್ರಿ ಕಾಕಾ?" ಅವಳ ಬಾಯಿಂದ ಬಂದುಬಿಟ್ಟಿತು. "ಗರಗದಾಗ ಸಾಲಿ ಕಲಸೋ ಅಕ್ಕೋರೊಬ್ರು ಫೋನ್ ಮಾಡಿದ್ರು. ಸಾಲಿ ಹುಡುಗ್ರು ನಮ್ಮ ಹಕ್ಕಿ ಎಲ್ಲೈತಿ ಅಂತ ಅಳಾಕತ್ತಾವಂತ. ತಗದವರು ಯಾರು ಅಂತ ನನಗ ಬಾಯಿಗೆ ಬಂದಂಗ ಬೈದ್ರು."

ಕಾಕಾನ ಸೊಟ್ಟಗಾದ ತುಟಿಯ ಮೇಲೆ ನಗು ಮೂಡಿತು. "ನೂರಜಹಾನ, ಕೇಳಿದೇನ? ಗರಗದ ಹುಡುಗ್ರು!" ಎಂದು ಹೆಂಡತಿಯನ್ನು ಕೂಗಿ ಕರೆದರು. ಎಡಗೈಯಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಭುವನೇಶ್ವರಿಯ ಸಪ್ಪೆ ಮುಖ ಕಂಡಿತೋ ಏನೋ, ನಗು ಇಳಿಯಿತು.

"ನಿನಗ್ಯಾಕ ಬೈಬೇಕು ಅವ್ರು? ನಿಂದೇನ ತಪ್ಪೈತಿ?" ಎಂದವರೇ ತಲೆದಿಂಬಿನ ಪಕ್ಕದ ಫೋನಿನ ರಿಸೀವರ್ ಎತ್ತಿ ಕಿವಿಗೆ ಹಿಡಿದರು. "ಹೊಸಾದೂ ಛಲೋ ಐತ್ರಿ, ನನ್ನ ಹುಡುಗಿ ಬರದಾಳ, ಸಿಟ್ಟ ಆಗಬ್ಯಾಡ್ರಿ ಅಂತ ನಾನ ಹೇಳತೇನಿ. ಅಕ್ಕೋರ ನಂಬರ ಹೇಳವಾ."

ಕರೆದದ್ದಕ್ಕೆ ಬಂದಿದ್ದ ನೂರಜಹಾನ ಫೋನಿನ ಗುಂಡಿಗಳ ಮೇಲೆ ಬೆರಳಿಟ್ಟು, ಭುವನೇಶ್ವರಿಯ ಮುಖವನ್ನೇ ನೋಡುತ್ತ ಕಾದು ನಿಂತರು.