ಒಂದು ದನಿಗೆ ಎರಡು ಪದವಿ

ಮಾಧ್ಯಮ ಕಾಲೇಜಿನಲ್ಲಿ ಬಿ.ಎ.ಗೆ ಒಂದು ದನಿ ಫೀಸು, ಎಂ.ಎ.ಗೆ ಇನ್ನೊಂದು. ಎರಡನ್ನೂ ಸೇರಿಸಿ ಐದು ವರ್ಷ ಓದುವುದಾದರೆ ಮನೆಯ ಒಬ್ಬರ ದನಿ ಸಾಕು. ಕೊಟ್ಟ ದನಿ ಮರಳುವುದಿಲ್ಲ.

"ಲಾಭದ ಯಾಪಾರ ಐತಿ, ಫಾರಂ ತುಂಬು," ಎಂದಳು ಸಂತೆಯಲ್ಲಿ ಕೂಗಿ ಬದನೆಕಾಯಿ ಮಾರುವ ದ್ಯಾಮವ್ವ.

"ನೀ ಹೆಂಗ ಮಾರ್ತಿ ಬೇ?" ಮಗಳು ಶಿವಲೀಲಾ ಕೇಳಿದಳು.

"ಬದನಿಕಾಯಿ ನೋಡಿ ತಗೋತಾರ, ಕೇಳಿ ಅಲ್ಲ."

ಕಾಲೇಜಿನಲ್ಲಿ ದನಿ ತೆಗೆದುಕೊಳ್ಳುವ ಯಂತ್ರದ ಮುಂದೆ, ದನಿ ಕೊಡುವವರು ನೂರು ಪದ ಓದಬೇಕಿತ್ತು. ದ್ಯಾಮವ್ವನಿಗೆ ಓದು ಬಾರದು. ಶಿವಲೀಲಾ ಒಂದೊಂದೇ ಪದ ಓದಿಕೊಟ್ಟಳು, ಅವ್ವ ಹಿಂದೆಯೇ ಹೇಳಿದಳು. ಪದ ಪದಕ್ಕೂ ದನಿ ಸಣ್ಣಗಾಯಿತು. ಕೊನೆಯ ಪದ ಬಂದಾಗ ಮಗಳು ಓದಲು ಹಿಂಜರಿದಳು.

"ಮುಗಸ ಯವ್ವಾ, ಸೀಟು ಹೋದೀತು," ಅವ್ವ ಪಿಸುಗುಟ್ಟಿದಳು.

ಶಿವಲೀಲಾ ಓದಿದಳು.

ಅಂದಿನಿಂದ ಊರೂರಿನ ರೇಡಿಯೊಗಳು ಅವ್ವನ ದನಿಯಲ್ಲಿ ವಾರ್ತೆ ಓದುತ್ತಿವೆ. ಶಿವಲೀಲಾಳಿಗೆ ಎರಡು ಪದವಿ ಬಂದವು. ಅವಳನ್ನು ಹೆಸರು ಹಿಡಿದು ಕರೆಯುವ ದನಿ ಮಾತ್ರ ಮನೆಯಲ್ಲಿ ಉಳಿಯಲಿಲ್ಲ.